ಎದುರುಮನೆಯವನು ತಂದ ಕಾಗದ

ಅವನ ಉಗುರುಸಂದಿಯ ನೀಲಿ ಬಣ್ಣ ಒಂದು ದಿನವೂ ಹೋಗಿದ್ದಿಲ್ಲ. ಎಪ್ಪತ್ತು ದಾಟಿದರೂ ಕೈ ತೊಳೆಯಲು ಬಾರದವನು ಎಂದುಕೊಂಡಿದ್ದೆ. ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ಎದುರುಮನೆಗೆ ಬಾಡಿಗೆಗೆ ಬಂದವನು. ದಕ್ಷಿಣ ಅಮೆರಿಕದ ಚಿಲಿಯವನಂತೆ, ಚಿತ್ರ ಬರೆಯುತ್ತಾನಂತೆ, ಸಿನಿಮಾನೂ ತೆಗೆಯುತ್ತಾನಂತೆ. ಎರಡು ಕಸುಬು ಹೇಳಿಕೊಳ್ಳುವವನನ್ನು ನಾನು ನಂಬುವುದಿಲ್ಲ. ಅವನ ಮನೆಯಿಂದ ಬರುವ, ಬಣ್ಣ ಕಲಸುವ ಟರ್ಪೆಂಟೈನ್ ಎಣ್ಣೆಯ ವಾಸನೆಯನ್ನು ಹೆಂಡವೆಂದೇ ತಿಳಿದು ಆರು ತಿಂಗಳು ಮಾತಾಡಿಸಲಿಲ್ಲ.

ಚಳಿಗಾಲದಲ್ಲಿ ನಮಗೆ ಬಿಸಿಲು ಸಿಗುವುದು ಮೆಟ್ಟಿಲ ಮೇಲೆ ಮಾತ್ರ. ಅಲ್ಲಿ ಕೂತು ಹತ್ತಿ ಹೊಸೆದು ದೇವರಿಗೆ ಗೆಜ್ಜೆವಸ್ತ್ರ ಮಾಡುತ್ತಿದ್ದೆ. ಅವನು ಬಂದು ಒಂದು ಮೆಟ್ಟಿಲು ಕೆಳಗೆ ಕೂರುತ್ತಿದ್ದ. ಅವನ ಹಿಂದಿ ನನ್ನದಕ್ಕಿಂತ ಕಡೆ. ಹರೆಯದಲ್ಲಿ ಊರ ಗೋಡೆಗಳ ಮೇಲೆ ಚಿತ್ರ ಬರೆದನಂತೆ, ಆಳ್ವಿಕೆ ಕಸಿದುಕೊಂಡ ಮಿಲಿಟರಿಯವರು ಅವುಗಳ ಮೇಲೆ ಸುಣ್ಣ ಬಳಿದರಂತೆ. ಗೋಡೆ ಹೊತ್ತುಕೊಂಡು ಓಡಲಾಗದು, ರೀಲನ್ನಾದರೆ ಹೊತ್ತು ಓಡಬಹುದು ಎಂದು ಕ್ಯಾಮೆರಾ ಹಿಡಿದನಂತೆ. ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡು, ಇನ್ನೂ ಸಿಟ್ಟಿದೆಯಾ ಎಂದು ಕೆಣಕಿದೆ.

"ಬಳಿದಿದ್ದಕ್ಕಲ್ಲ ಅಮ್ಮಾಜಿ. ನನ್ನನ್ನು ಒಂದು ಮಾತು ಕೇಳಲಿಲ್ಲ, ಅದಕ್ಕೆ."

ನನ್ನನ್ನು ಕೇಳಿಕೊಂಡು, ಹತ್ತು ದಿನ ಹತ್ತಿ ಹೊಸೆಯುವ ನನ್ನ ಕೈಗಳ ಸಿನಿಮಾ ತೆಗೆದ. ಮುಖ ಬೇಡ ಎಂದಿದ್ದೆ, ತೆಗೆಯಲಿಲ್ಲ. ಆಮೇಲೆ ಒಂದು ಕಾಗದ ತಂದ. ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು, ಆಗಲೇ ನನ್ನ ಕೈಗಳನ್ನು ಜನಕ್ಕೆ ತೋರಿಸಬಹುದು. ಊರಿನಲ್ಲಿ ನನ್ನ ಮೈದುನನೂ ಹೀಗೇ ನಗುತ್ತಾ ಕಾಗದ ತಂದಿದ್ದ. ಒತ್ತಿದೆ, ಮನೆ ಹೋಯಿತು.

ಮೊಮ್ಮಗಳು ಓದಿ ನೋಡಿದಳು. "ಅಜ್ಜಿ, ಬರೀ ಪರ್ಮಿಷನ್ ಇದು. ಕುಛ್ ನಹೀ ಹೋಗಾ, ಏನೂ ಆಗಲ್ಲ."

"ಆ ಮನೆ ಕಾಗದಕ್ಕೆ ನಿನ್ನ ತಾತಾನೂ ಹಂಗೇ ಅಂದಿದ್ರು ಕಣೇ. ಬೇಡ."

ಅವನು "ಅಚ್ಛಾ" ಎಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಒಪ್ಪಿಸಲು ಮಿಠಾಯಿ ತರುತ್ತಾನೆ, ಯಾರಿಂದಲಾದರೂ ಹೇಳಿಸುತ್ತಾನೆ ಎಂದು ಕಾದೆ. ಏನೂ ಇಲ್ಲ. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ಅವನು ಮಾತ್ರ ಕ್ಯಾಮೆರಾ ಇಲ್ಲದೆ ಬಂದು ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದ, ಹತ್ತಿಯ ಬೀಜ ಬಿಡಿಸಿಕೊಡುತ್ತಿದ್ದ. ಅವನ ಕೈಯ ನೀಲಿ ಅಂಟಿದ ಹತ್ತಿಯನ್ನು ನಾನು ಬೇರೆ ಇಡುತ್ತಿದ್ದೆ.

ಹೋದ ಚಳಿಗಾಲದಲ್ಲಿ ಎದೆನೋವು ಬಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಚಿತ್ರಗಳನ್ನು ಒಯ್ಯಲು ಬಂದ ಅವನ ಮಗಳು, ಮುಗಿದ ಸಿನಿಮಾವನ್ನು ನಮ್ಮ ಕಂಪ್ಯೂಟರಿಗೂ ಹಾಕಿಕೊಟ್ಟಳು. ಕಳ್ಳತನ ಹಿಡಿಯಲೆಂದೇ ಕೂತು ಎರಡು ಸಲ ನೋಡಿದೆ. ನಮ್ಮ ಮೆಟ್ಟಿಲು ಬಂತು. ಬಿಸಿಲಿತ್ತು, ಹತ್ತಿಯ ಎಳೆಗಳು ಹಾರುತ್ತಿದ್ದವು. ನನ್ನ ಕೈಗಳಿರಲಿಲ್ಲ.

ನಾನು ಬೇಡ ಎಂದದ್ದನ್ನು ಬೇಡ ಎಂದೇ ಕೇಳಿಸಿಕೊಂಡ ಗಂಡಸು ನನ್ನ ಜನ್ಮದಲ್ಲಿ ಅವನೊಬ್ಬನೇ. ಹೆಬ್ಬೆಟ್ಟು ಒತ್ತಿಕೊಡಬಹುದಿತ್ತು. ಈಗ ಕೇಳುವವನಿಲ್ಲ.