ಮೊದಲ ಗಿರಾಕಿ ಕರಿಬಸಮ್ಮ

ಶಿವಮೊಗ್ಗದ ನಮ್ಮ ಪೈಪು-ಮೋಟಾರಿನ ಅಂಗಡಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಟ್ಟವನು ಭದ್ರಾವತಿ ಕಾಗದನಗರದ ಹಾಲೇಶ. ಮಾಡಿಕೊಟ್ಟ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು.

"ಇದು ಪ್ರೊಟೊಟೈಪ್ ಅಣ್ಣ. ತೋರಿಸೋಕೆ ಮಾಡಿದ್ದು. ನೀವು ಒಪ್ಪಿದ್ರೆ ಇದನ್ನ ಬಿಸಾಕಿ ಸರಿಯಾದ್ದು ಬರೀತೀನಿ."

ಬಿಲ್ಲು ಬರುತ್ತಿತ್ತು. ಬಿಲ್ಲು ಕೊಡುವ ವಸ್ತುವನ್ನು ಬಿಸಾಕುವ ಚಟ ನಮ್ಮ ಮನೆತನದಲ್ಲಿಲ್ಲ. ಆರು ವರ್ಷ ಅದರಲ್ಲೇ ವ್ಯಾಪಾರ ಮಾಡಿದೆ.

ಪರೀಕ್ಷೆಗೆಂದು ಅವನು ಹಾಕಿದ ಮೊದಲ ಗಿರಾಕಿ ಅವನ ತಾಯಿ ಕರಿಬಸಮ್ಮ. ಹೆಸರು, ವಿಳಾಸ, ಮೊಬೈಲ್ ನಂಬರು ಎಲ್ಲ ಆಕೆಯದೇ. ಆಮೇಲೆ ಬಂದವರ ವಿವರದಲ್ಲಿ ಏನು ಖಾಲಿ ಬಿಟ್ಟಿದ್ದರೂ ಕಂಪ್ಯೂಟರು ಅದನ್ನು ಆಕೆಯಿಂದ ತೆಗೆದುಕೊಳ್ಳುತ್ತದೆ. ಹಾಗೆ ಉಳಿದವರಿಗೆಲ್ಲ ಆಸರೆಯಾಗಿ ನಿಂತ ಮೊದಲನೆಯದನ್ನೂ ಕಂಪ್ಯೂಟರಿನವರು ಪ್ರೊಟೊಟೈಪ್ ಅಂತಲೇ ಕರೆಯುತ್ತಾರಂತೆ. ಕುಂಸಿ ಕಡೆಯ ರೈತರು ಸುಲಭಕ್ಕೆ ನಂಬರು ಕೊಡುವವರಲ್ಲ. ಅವರ ಬಿಲ್ಲಿನ ಮೆಸೇಜೆಲ್ಲ ಕರಿಬಸಮ್ಮನ ಫೋನಿಗೆ ಹೋಗುತ್ತಿತ್ತು. ಆಕೆಗೆ ಅದೇ ಮೋಜು. ಈ ವಾರ ನಾಲ್ಕು ಮೋಟಾರು ತಗೊಂಡಿದ್ದೀನಿ, ಬಾವಿ ನೀನೇ ತೋಡಿಸಿಕೊಡು ಮಾರಾಯ ಅಂತ ಫೋನ್ ಮಾಡಿ ನನ್ನನ್ನು ಕಾಡುತ್ತಿದ್ದಳು.

ಹೋದ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು. ಕಾರ್ಯ ಮುಗಿಸಿ ಬಂದ ಹಾಲೇಶ, ಅಮ್ಮನನ್ನು ಅದರಿಂದ ತೆಗೆಯಬೇಕು, ಎರಡು ದಿನ ಕಂಪ್ಯೂಟರ್ ಬಿಟ್ಟುಕೊಡಿ ಅಂದ. ಊಟಕ್ಕೆ ಕೂತರೆ ಆ ಫೋನು ಸದ್ದು ಮಾಡುತ್ತಂತೆ. ಆಫ್ ಮಾಡಿಡೋ ಅಂದೆ.

"ಅಮ್ಮನ ಫೋನನ್ನ ನಾನು ಹೇಗೆ ಆಫ್ ಮಾಡ್ಲಿ ಅಣ್ಣ?"

ಬೋರ್‌ವೆಲ್ ಸೀಜನ್ನು. ಮಳೆ ಹಿಡಿಯಲಿ ಅಂದೆ. ಮಳೆ ಹಿಡಿದ ಮೇಲೆ ಗಣಪತಿ ಹಬ್ಬ ಆಗಲಿ ಅಂದೆ.

ಕೊನೆಗೆ ಒಂದೇ ಒಂದು ಭಾನುವಾರ ಬಿಟ್ಟೆ. ಬೆಳಿಗ್ಗೆಯಿಂದ ಕೂತು ತಾಯಿಯನ್ನು ಅಳಿಸಿದ. ಸೋಮವಾರ ಮಲವಗೊಪ್ಪದ ಗಿರಾಕಿ ಮುಂದೆ ನಿಂತಿದ್ದಾನೆ, ನಂಬರು ಕೊಟ್ಟಿಲ್ಲ, ಬಿಲ್ಲೇ ಬರಲಿಲ್ಲ. ಮಧ್ಯಾಹ್ನದೊಳಗೆ ಸರಿ ಮಾಡ್ತೀನಿ ಅಂತ ಪಕ್ಕದಲ್ಲೇ ನಿಂತಿದ್ದ ಹಾಲೇಶ ಬೇಡಿಕೊಂಡ. ನಾನು ಡ್ರಾಯರಿನಿಂದ ಪೆನ್‌ಡ್ರೈವ್ ತೆಗೆದು ಹಳೆಯದನ್ನೇ ವಾಪಸು ಹಾಕಿದೆ. ಕೆಟ್ಟರೆ ಹೀಗೆ ಮಾಡಿ ಅಂತ ಕಲಿಸಿದವನು ಅವನೇ.

ಬಿಲ್ಲು ಬಂತು. ಹಾಲೇಶನ ಜೇಬಿನಲ್ಲಿ ಅಮ್ಮನ ಫೋನು ಟಿಣ್ ಅಂತು.

ಅವನು ಜಗಳ ಆಡಲಿಲ್ಲ. ಆ ಫೋನನ್ನೂ ಚೀಲದಲ್ಲಿದ್ದ ಚಾರ್ಜರನ್ನೂ ತೆಗೆದು ನನ್ನ ಮೇಜಿನ ಮೇಲಿಟ್ಟ.

"ಇನ್ನು ನೀವೇ ಇಟ್ಕೊಳ್ಳಿ. ನಿಮ್ಮ ಗಿರಾಕಿ."

ಆಮೇಲೆ ಈ ಕಡೆ ಬಂದಿಲ್ಲ. ರೀಚಾರ್ಜು ನಾನೇ ಮಾಡಿಸುತ್ತಿದ್ದೇನೆ. ನಂಬರು ಕೊಡದವರು ಬಂದಾಗೆಲ್ಲ ಗಲ್ಲಾಪೆಟ್ಟಿಗೆಯ ಪಕ್ಕ ಅದು ಸದ್ದು ಮಾಡುತ್ತದೆ. ಯಾರದೋ ಮೆಸೇಜು ಬಂತಲ್ಲ, ನೋಡಿ ಅನ್ನುತ್ತಾರೆ ಗಿರಾಕಿಗಳು. ಕಂಪನಿಯದು ಅನ್ನುತ್ತೇನೆ.