ಬೆಟಗೇರಿಯ ಬಚ್ಚಲು

ಇವತ್ತು ಬೆಳಿಗ್ಗೆ ನಾನು ಸಾಬೂನಿನ ಒಂದು ಚೂರಿನ ಮೇಲೆ ಕಾಲಿಟ್ಟು, ಯಾರೋ ಮಣೆ ಹಾಕಿ ಉಪಚಾರ ಮಾಡಿ ಕೂಡಿಸಿದರೇನೋ ಎಂಬಷ್ಟು ಅಚ್ಚುಕಟ್ಟಾಗಿ ಬಚ್ಚಲಮನೆಯ ಬಾಗಿಲಲ್ಲಿ ಕುಳಿತುಬಿಟ್ಟೆ. ಏಟೇನೂ ಆಗಲಿಲ್ಲ. ಸೊಸೆ ಗಾಬರಿಯಿಂದ ಓಡಿ ಬಂದಳು, ಮೊಮ್ಮಗಳು ನಗು ತಡೆಯಲಾರದೆ ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು, ಅವಳನ್ನು ನೋಡಿ ನನಗೂ ನಗು ಬಂದು, ಏಳಲು ಬರುತ್ತಿದ್ದರೂ ಏಳಲಾಗದೆ ಅಲ್ಲೇ ಕೂತು ನಕ್ಕೆ.

ಬೀಳುವುದರಲ್ಲಿ ಅದೇನು ನಗೆ ಇದೆಯೋ ನೋಡಿ! ಮಗು ಬಿದ್ದರೆ ಮುದ್ದು, ಮದುಮಗ ಜಾರಿದರೆ ಬೀಗರಿಗೆಲ್ಲ ವರ್ಷಗಟ್ಟಲೆ ಮೆಲುಕು ಹಾಕುವ ಸೊಗಸು. ವಯಸ್ಸಾದವರು ಬಿದ್ದು ಪೆಟ್ಟಾದಾಗ ಮಾತ್ರ ನಗುವೂ ಇಲ್ಲ, ಹೆಚ್ಚು ಅಚ್ಚರಿಯೂ ಇಲ್ಲ. 'ವಯಸ್ಸಾಯ್ತಲ್ಲ' ಎಂಬ ಒಂದು ಮಾತನ್ನು ಅವರ ಮೇಲೆ ಕಂಬಳಿಯಂತೆ ಹೊದಿಸಿ ಎಲ್ಲರೂ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಆ ಮಾತಿಗೆ ಒಮ್ಮೆ ನನ್ನ ಸೋದರತ್ತೆ ಕೊಟ್ಟ ಉತ್ತರವನ್ನು ನಿಮಗೆ ಹೇಳಬೇಕು.

ನೀಲತ್ತೆ ಲಕ್ಷ್ಮೇಶ್ವರದವಳು. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡಿದ್ದರು. ನನ್ನ ಅಣ್ಣಂದಿರು ತಮ್ಮ ಮನೆಗೆ ಬಾ ಎಂದು ಜಗ್ಗಾಡಿದರೂ ಅವಳು, ನಿಮ್ಮ ಹೆಂಡಂದಿರು ಒಳ್ಳೆಯವರು, ಆದರೆ ಅವರಿಗೆ ನನ್ನ ಜೊತೆ ಹರಟೆ ಹೊಡೆಯಲು ಪುರಸೊತ್ತಿಲ್ಲ ಎಂದು ಹೇಳಿ, ಬೆಟಗೇರಿಯ ಒಂದು ವೃದ್ಧಾಶ್ರಮಕ್ಕೆ ತಾನಾಗಿಯೇ ಹೊರಟು ನಿಂತಳು. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ವೃದ್ಧಾಶ್ರಮವೆಂದರೆ ನಮ್ಮ ಕಡೆ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅತ್ತೆ ಮಾತ್ರ ತವರಿಗೆ ಹೊರಟವಳಂತೆ ಟಾಂಗಾ ಏರಿದಳು. ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದ ನಾನು ಹಾಸಿಗೆಯ ಸುರುಳಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಅಳುಮೋರೆ ಹಾಕಿ ಕುಳಿತಿದ್ದೆ. ಅವಳು ದಾರಿಯುದ್ದಕ್ಕೂ ಟಾಂಗಾದವನ ಕುದುರೆಯ ಸೋಮಾರಿತನದ ಬಗ್ಗೆ ಹಾಸ್ಯ ಮಾಡುತ್ತ ಬಂದಳು.

ಆಶ್ರಮ ಒಂದು ಹಳೆಯ ವಾಡೆಯಲ್ಲಿತ್ತು. ಸುತ್ತಲ ಓಣಿಗಳಲ್ಲಿ ಹಗಲೆಲ್ಲ ಮಗ್ಗದ ಖಟಪಟ. ಹತ್ತು ಹನ್ನೆರಡು ಜನ ಅಜ್ಜಿಯರ ನಡುವೆ ಅತ್ತೆಗೆ ಮೊದಲ ವಾರದಲ್ಲೇ ಜೀವದ ಗೆಳತಿ ಸಿಕ್ಕಿದಳು. ಹುಸೇನಬಿ ಎಂದು ಅವಳ ಹೆಸರು; ಮುಂಡರಗಿಯ ಸುತ್ತಲ ಹಳ್ಳಿಗಳಲ್ಲಿ ಬಳೆ ಮಾರಿ ಬದುಕಿದವಳು. ಸಾವಿರಾರು ಹೆಂಗಸರ ಕೈ ಹಿಡಿದು ಹಿಸುಕಿ ಬಳೆ ತೊಡಿಸಿದವಳಾದ್ದರಿಂದ ಅವಳಿಗೆ ಯಾರನ್ನು ಕಂಡರೂ ಮೊದಲು ಕೈ ಹಿಡಿಯುವ ಚಟ. ಅವಳು ಕೈ ಹಿಡಿದು ಒಂದು ಮಾತು ಹೇಳುವಳು, ಅತ್ತೆ ಅದಕ್ಕೆ ಬಾಲ ಕಟ್ಟುವಳು, ಇಬ್ಬರೂ ಉಸಿರು ಸಿಕ್ಕಿಕೊಳ್ಳುವ ತನಕ ನಗುವರು. ಭಾನುವಾರಗಳಲ್ಲಿ ನಾನು ಹೋದಾಗ ಅವರ ನಗೆ ನನಗೆ ಹೆಬ್ಬಾಗಿಲಲ್ಲೇ ಕೇಳಿಸುತ್ತಿತ್ತು.

ಆ ವಾಡೆಯಲ್ಲಿ ಎಲ್ಲಕ್ಕಿಂತ ಚೆಂದದ್ದು ಬಚ್ಚಲಮನೆ. ಹಿಂದಿನ ಕಾಲದ ಅಗಲವಾದ ಚಪ್ಪಡಿಗಳು, ತಲೆಮಾರುಗಳ ಪಾದ ತಾಗಿ ಕನ್ನಡಿಯಂತೆ ನುಣುಪಾದವು. ಅದರ ಮೇಲೆ ಸೀಗೆಯ ಲೋಳೆ, ಸಂದಿಗಳಲ್ಲಿ ಹಸಿರು ಪಾಚಿ. ನೋಡಲು ಮಖಮಲ್ಲು. ಅದರ ಮೇಲೆ ಅಜ್ಜಿಯರು ಒಬ್ಬೊಬ್ಬರಾಗಿ ಬೀಳುತ್ತಿದ್ದರು. ಒಬ್ಬಳ ಮಣಿಕಟ್ಟು ಉಳುಕಿತು, ಇನ್ನೊಬ್ಬಳ ಹಣೆ ಒಡೆಯಿತು. ಆಶ್ರಮದ ವ್ಯವಸ್ಥಾಪಕರು ಕೆಟ್ಟವರಲ್ಲ. ಊಟಕ್ಕೆ ಕೊರತೆ ಮಾಡಿದವರಲ್ಲ, ಯಾರಿಗೂ ಗದರಿದವರಲ್ಲ. ನಾನು ಹೋಗಿ ಬಚ್ಚಲಿನ ಮಾತು ಎತ್ತಿದಾಗಲೆಲ್ಲ ಚಹಾ ತರಿಸಿ, ಮುಪ್ಪೆಂದರೆ ಹಣ್ಣೆಲೆಯಲ್ಲವೇ, ಹಣ್ಣೆಲೆ ಉದುರುವುದಕ್ಕೆ ಮರವನ್ನು ಬಯ್ಯಬಹುದೇ ಎಂದು ಇಂಪಾಗಿ ಕೇಳುತ್ತಿದ್ದರು. ಉಪಮೆ ಎಷ್ಟು ಸೊಗಸಾಗಿತ್ತೆಂದರೆ, ಅದಕ್ಕೆ ತಲೆದೂಗಿ ಹೊರಗೆ ಬಂದ ಮೇಲೆಯೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಕಾಶವ್ವ ಬಿದ್ದಳು. ಶಿರಹಟ್ಟಿಯ ಕಡೆಯ, ತೆಳ್ಳನೆಯ, ಹಾಡುಗಾರ್ತಿ ಮುದುಕಿ. ತೊಡೆಯ ಮೇಲಿನ ಎಲುಬು ಮುರಿಯಿತು. ದವಾಖಾನೆಯಿಂದ ತಂದು ಮೂಲೆಯ ಮಂಚದ ಮೇಲೆ ಮಲಗಿಸಿದರು. ಹೊತ್ತಿಗೆ ಸರಿಯಾಗಿ ಗಂಜಿ ಕೊಟ್ಟರು, ಆದರೆ ಅವಳನ್ನು ಮಗ್ಗುಲು ಹೊರಳಿಸಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಒಂದು ದಿನ ಸೀರೆ ಬದಲಿಸಲು ಕೈ ಹಚ್ಚಿದ ಅತ್ತೆ ಕಾಶವ್ವನ ಬೆನ್ನು ನೋಡಿದಳು. ಚರ್ಮ ಹೋಗಿ, ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣಾಗಿತ್ತು. ಆ ಭಾನುವಾರ ನಾನು ಹೋದಾಗ ಹೆಬ್ಬಾಗಿಲಲ್ಲಿ ನಗೆ ಕೇಳಿಸಲಿಲ್ಲ. ಅತ್ತೆ ನನ್ನನ್ನು ಅಂಗಳದ ಬೇವಿನ ಕೆಳಗೆ ಕರೆದುಕೊಂಡು ಹೋಗಿ ಇದೆಲ್ಲ ಹೇಳಿದಳು. ಎಲುಬನ್ನು ಕಲ್ಲು ಮುರಿಯಿತು ಅನ್ನೋಣ, ಆ ಹುಣ್ಣನ್ನು ಯಾರು ಮಾಡಿದರು ಎಂದು ಕೇಳಿದಳು.

ನಾನು ಡಾಕ್ಟರರನ್ನು ಕರೆತಂದೆ. ಅವರು ಹೇಳಿಕೊಟ್ಟಂತೆ ಅತ್ತೆಯೂ ಹುಸೇನಬಿಯೂ ಕಾಶವ್ವನನ್ನು ಎಡಕ್ಕೂ ಬಲಕ್ಕೂ ಹೊರಳಿಸುವುದನ್ನು ತಮ್ಮ ಕೆಲಸ ಮಾಡಿಕೊಂಡರು. ರೊಟ್ಟಿ ತಿರುವುವ ಹೊತ್ತಾಯಿತು ಎನ್ನುತ್ತ ಇಬ್ಬರೂ ಬರುವರು; ಸೀಯಿಸಬೇಡಿರಿ ಎನ್ನುತ್ತ ಕಾಶವ್ವ ನೋವಿನಲ್ಲೂ ಕಿಸಕ್ಕನೆ ನಗುವಳು. ನಿಧಾನವಾಗಿ ಹುಣ್ಣು ಮಾಯಿತು. ಕಾಲಿನ ಎಲುಬು ಮಾತ್ರ ಕೂಡಿಕೊಳ್ಳಲಿಲ್ಲ. ಬಚ್ಚಲೂ ಹಾಗೆಯೇ ಥಳಥಳಿಸುತ್ತಿತ್ತು.

ಆಶ್ರಮ ನಡೆಸುತ್ತಿದ್ದ ಮಂಡಳಿಯ ಅಧ್ಯಕ್ಷರು ಹತ್ತಿಯ ದೊಡ್ಡ ವ್ಯಾಪಾರಿ. ವರ್ಷಕ್ಕೊಮ್ಮೆ ಬಂದು, ಪಡಸಾಲೆಯಲ್ಲಿ ಹಾರ ಹಾಕಿಸಿಕೊಂಡು, ಎಲ್ಲರಿಗೂ ಸೀರೆ ಹಂಚಿ, ಪಡಸಾಲೆಯಿಂದಲೇ ತಿರುಗಿ ಹೋಗುವುದು ವಾಡಿಕೆ. ಆ ವರ್ಷವೂ ಒಂದು ಭಾನುವಾರ, ನಾನು ಅಲ್ಲಿದ್ದಾಗಲೇ, ಇಸ್ತ್ರಿ ಮಾಡಿದ ಧೋತರ, ಕರಿ ಟೊಪ್ಪಿಗೆ ಧರಿಸಿ, ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಬಂದರು. ವ್ಯವಸ್ಥಾಪಕರು ಕಾಲಿಗೆ ನೀರೆಂದು ತಂಬಿಗೆ ಮುಂದೆ ಮಾಡಿದರು. ಅತ್ತೆ ಸೆರಗು ಹೊದ್ದು, ಜಗತ್ತಿನ ಮುಗ್ಧತೆಯನ್ನೆಲ್ಲ ಮುಖಕ್ಕೆ ಬಳಿದುಕೊಂಡು ಮುಂದೆ ಬಂದಳು. ತಂಬಿಗೆ ನೀರು ಹಾದಿಹೋಕರಿಗೆ, ಮನೆಯ ಹಿರಿಯರು ಬಂದರೆ ಬಚ್ಚಲಲ್ಲಿ ಕಾಲು ತೊಳೆಯಬೇಕು, ಅದು ನಮ್ಮ ಕಡೆಯ ಪದ್ಧತಿ ಎಂದಳು. ಹಾಗೊಂದು ಪದ್ಧತಿಯನ್ನು ನಾನಂತೂ ಲಕ್ಷ್ಮೇಶ್ವರದಲ್ಲಿ ಕೇಳಿರಲಿಲ್ಲ. ವ್ಯವಸ್ಥಾಪಕರು ಬಿಳುಚಿಕೊಂಡರು. ಅಧ್ಯಕ್ಷರಿಗೆ ಮಾತ್ರ ಖುಷಿಯೋ ಖುಷಿ. ತಾನು ಅಜ್ಜಿಯ ಕೈಯಲ್ಲಿ ಬೆಳೆದವನು, ಇಷ್ಟು ಪ್ರೀತಿಯಿಂದ ಕರೆದರೆ ಬರದಿರಲಾದೀತೇ ಎಂದು ಧೋತರದ ಚುಂಗು ಎತ್ತಿ ಹೊರಟೇಬಿಟ್ಟರು.

ನಾನು ಹಿಂದಿನಿಂದ ನೋಡುತ್ತಿದ್ದೆ. ಅತ್ತೆ ಅವರ ಎಡಕ್ಕೆ, ಹುಸೇನಬಿ ಬಲಕ್ಕೆ. ಇಬ್ಬರೂ ಮೊದಲೇ ಹಾಸಿಟ್ಟ ಒಣ ಗೋಣಿಚೀಲಗಳ ಮೇಲೆ ಕಾಲಿಟ್ಟು ನಿಂತರು. ಬೆನ್ನ ಹಿಂದೆ ಗಟ್ಟಿಮುಟ್ಟಾದ ಇನ್ನೂ ಮೂರ್ನಾಲ್ಕು ಅಜ್ಜಿಯರು ಸೆರಗು ಬಿಗಿದು ಸಾಲುಗಟ್ಟಿದ್ದರು. ಅಧ್ಯಕ್ಷರು ಚಪ್ಪಡಿಯ ಮೇಲೆ ಪಾದ ಊರಿದರು. ಊರಿದ್ದೇ ತಡ, ಅವರ ಒಂದು ಕಾಲು ಲಕ್ಷ್ಮೇಶ್ವರದ ದಿಕ್ಕಿಗೂ ಇನ್ನೊಂದು ಮುಂಡರಗಿಯ ದಿಕ್ಕಿಗೂ ಹೊರಟವು, ಟೊಪ್ಪಿಗೆ ಹಾರಿ ಮೋರಿಯ ಬಾಯಲ್ಲಿ ಕುಳಿತಿತು, ಧೋತರ ಹಡಗಿನ ಹಾಯಿಯಂತೆ ಉಬ್ಬಿತು. ಆದರೆ ಅವರು ಬೀಳಲಿಲ್ಲ. ಎಡಗೈ ಅತ್ತೆಯ ಹಿಡಿತದಲ್ಲಿತ್ತು, ಬಲಗೈ ಬಳೆಗಾರ್ತಿಯ ಹಿಡಿತದಲ್ಲಿತ್ತು, ಬೆನ್ನನ್ನು ಅಜ್ಜಿಯರ ಅಂಗೈಗಳು ಗೋಡೆಯಂತೆ ತಡೆದಿದ್ದವು. ಅತ್ತೆ ಶಾಂತವಾಗಿ ಹೇಳಿದಳು:

"ಅಂಜಬ್ಯಾಡ್ರಿ ಯಜಮಾನ್ರ. ನೀವು ಜಾರತೀರಂತ ನಮಗ ಗೊತ್ತಿತ್ತು, ಅದಕ್ಕಽ ಹಿಡ್ಯಾಕ ನಿಂತೀವಿ."

ನಾನು ತುಟಿ ಕಚ್ಚಿಕೊಂಡಿದ್ದೆ, ನಗಲೂ ಭಯ, ನಗದಿರಲೂ ಭಯ. ಅಜ್ಜಿಯರು ಅಧ್ಯಕ್ಷರನ್ನು ಹಾಗೆಯೇ ನಡೆಸಿಕೊಂಡು ಕಾಶವ್ವನ ಮಂಚದ ಬಳಿ ಒಯ್ದು ಕೂಡಿಸಿದರು. ಒದ್ದೆ ಕಾಲಿನ, ಬರಿದಲೆಯ ಆ ದೊಡ್ಡ ಮನುಷ್ಯ ಮಂಚದಲ್ಲಿದ್ದವಳ ಕಡೆ ತಿರುಗಿದರು. ನಿಮಗೇನಾಗಿದೆ ತಾಯಿ ಎಂದು ಕೇಳಿದರು.

"ನಾನೂ ಅಲ್ಲೇ ಜಾರಿದ್ನಿರಿ," ಎಂದಳು ಕಾಶವ್ವ. "ಆವತ್ತ ಹಿಡಿಯಾವ್ರು ಯಾರೂ ಇರಲಿಲ್ಲ."

ಅಧ್ಯಕ್ಷರು ಎದ್ದು, ಅಡುಗೆಮನೆ, ಹಾಸಿಗೆ, ಕತ್ತಲೆಯ ಮೆಟ್ಟಿಲು ಎಲ್ಲವನ್ನೂ ಅತ್ತೆಯ ಹಿಂದೆ ತಿರುಗಿ ನೋಡಿದರು. ಹಣ್ಣೆಲೆಯ ಮಾತನ್ನು ವ್ಯವಸ್ಥಾಪಕರು ಅಂದು ಆಡಲಿಲ್ಲ, ಮುಂದೆಯೂ ಆಡಲಿಲ್ಲ. ಅದೇ ತಿಂಗಳು ಇಬ್ಬರು ಆಯಾಗಳು ಬಂದರು; ಮಲಗಿದವರನ್ನು ಹೊರಳಿಸುವುದು, ಸ್ನಾನಕ್ಕೆ ಹೋಗುವವರ ಜೊತೆ ನಿಲ್ಲುವುದು ಅವರ ಕೆಲಸ. ಚಪ್ಪಡಿ ಕಿತ್ತುಹಾಕಬೇಕೇ ಎಂಬ ಚರ್ಚೆ ಎದ್ದಾಗ ಅತ್ತೆ, ಬೀಸುವ ಕಲ್ಲು ನುಣುಪಾದರೆ ಎಸೆಯುತ್ತೇವೆಯೇ, ಉಳಿ ಹೊಡೆಸುತ್ತೇವೆ ಎಂದಳು. ಹಾಗೆಯೇ ಕಲ್ಲಿಗೆಲ್ಲ ಉಳಿಯೇಟು ಹಾಕಿಸಿ ಒರಟು ಮಾಡಿಸಿದರು. ಪಕ್ಕದ ಓಣಿಯ ನೇಕಾರರು ಹಳೆಯ ಮಗ್ಗದ ಉದ್ದನೆಯ ಮರವೊಂದನ್ನು ಕೊಟ್ಟರು. ಅದು ಗೋಡೆಗುಂಟ ಹಿಡಿಕೆಯಾಯಿತು.

ಎಷ್ಟೋ ಸಲ ಯೋಚಿಸಿದ್ದೇನೆ. ಮುಪ್ಪನ್ನು ಯಾರೂ ತಡೆಯಲಾರರು, ಖರೆ. ಆದರೆ ನಾವು ಮುಪ್ಪಿನ ಲೆಕ್ಕಕ್ಕೆ ಬರೆಯುವ ಎಷ್ಟೋ ನೋವುಗಳು ಮುಪ್ಪಿನವಲ್ಲ, ಪಾಚಿಯವು, ಕತ್ತಲೆಯವು, ಮಗ್ಗುಲು ಹೊರಳಿಸದೆ ಬಿಟ್ಟ ಕೈಗಳವು. ಈ ಮಾತು ಬಿಡಿ, ಗಂಭೀರವಾಯಿತು. ಕಲ್ಲಿನ ಕೆಲಸ ಮುಗಿದ ದಿನದ ಮಧ್ಯಾಹ್ನ ಏನಾಯಿತೋ ಅದನ್ನು ಹೇಳುತ್ತೇನೆ.

ನಾನು ಹೋದಾಗ ಅಜ್ಜಿಯರು ಕೊಡಗಟ್ಟಲೆ ನೀರನ್ನು ಬೇಕೆಂದೇ ಬಚ್ಚಲಿಗೆ ಸುರಿಯುತ್ತಿದ್ದರು. ಸುರಿದು, ಬರಿಗಾಲಲ್ಲಿ ಅದರ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದರು, ಮೊದಲು ಹಿಡಿಕೆ ಹಿಡಿದು, ಆಮೇಲೆ ಬಿಟ್ಟು, ಆಮೇಲೆ ಸೊಂಟಕ್ಕೆ ಕೈಯಿಟ್ಟು ಮೆರವಣಿಗೆಯ ಠೀವಿಯಲ್ಲಿ. ಕಾಶವ್ವನನ್ನು ಕುರ್ಚಿಯ ಸಮೇತ ಎತ್ತಿ ತಂದು, ಪಾದ ನೀರಿಗೆ ತಾಗುವಂತೆ ಕೂಡಿಸಿದ್ದರು. ಅವಳು ಹೆಬ್ಬೆರಳಿನಿಂದ ಕಲ್ಲಿನ ಉಳಿಗೆರೆಗಳನ್ನು ಸವರುತ್ತ ಹಾಡು ಎತ್ತಿಕೊಂಡಳು. ಹಾಡು ಕೇಳಿ ಹುಸೇನಬಿ ಸುಮ್ಮನಿರಲಾರದಾದಳು. ಅತ್ತೆಯ ಎದುರು ನಿಂತು, ಕೈಗಳನ್ನು ಕತ್ತರಿಯಾಗಿಸಿ ಹಿಡಿದಳು. ಕಾಲಿಗೆ ಕಾಲು ಕೂಡಿಸಿ, ಮೈಯನ್ನು ಹಿಂದಕ್ಕೆ ಚೆಲ್ಲಿ ಗಿರಗಿರನೆ ತಿರುಗುವ ನಮ್ಮ ಕಡೆಯ ಹುಡುಗಿಯರ ಫುಗಡಿಯಾಟವನ್ನು ಆ ಇಬ್ಬರು ಮುದುಕಿಯರು ಶುರುಮಾಡಿಯೇಬಿಟ್ಟರು. ಆಯಾಗಳು ಹೌಹಾರಿ ಓಡಿ ಬಂದರು, ವ್ಯವಸ್ಥಾಪಕರು ಬಾಗಿಲಲ್ಲಿ ಕೈಕೈ ಹಿಸುಕಿಕೊಂಡರು. ಅವರಿಬ್ಬರು ನಿಧಾನವಾಗಿ, ನೀರು ಚಿಮ್ಮಿಸುತ್ತ, ಕೇಕೆ ಹಾಕುತ್ತ ಸುತ್ತಿದರು. ದಣಿದ ಅತ್ತೆ ಗೋಡೆಗೊರಗಿದಳು. ಹುಸೇನಬಿ ನನ್ನ ಕಡೆ ಕೈ ಚಾಚಿದಳು.

ನಾನು ಸೀರೆ ಒದ್ದೆಯಾಗುತ್ತದೆ ಎಂದೆ, ಬೀಳುತ್ತೇನೆ ಎಂದೆ, ನಾಳೆ ಶಾಲೆಯಿದೆ ಎಂದೂ ಎಂದೆ. ಅಷ್ಟರಲ್ಲಿ ಅವಳು ಹಿಡಿದಾಗಿತ್ತು. ಸಾವಿರಾರು ಮಣಿಕಟ್ಟುಗಳನ್ನು ನೋಯಿಸದೆ ಹಿಡಿದ ಆ ಕೈಗೆ ನನ್ನ ಭಾರವನ್ನೆಲ್ಲ ಬಿಟ್ಟು ನಾನು ಹಿಂದಕ್ಕೆ ವಾಲಿದೆ. ತಲೆಯ ಮೇಲಿನ ಮಾಡು, ಕಿಂಡಿಯ ಬೆಳಕು, ಅಜ್ಜಿಯರ ಬೊಚ್ಚುಬಾಯಿಗಳು, ಕಾಶವ್ವನ ಹಾಡು ಎಲ್ಲವೂ ಒಂದೇ ಉಂಗುರವಾಗಿ ಸುತ್ತತೊಡಗಿದವು.

"ಜೋರ್ ಮಾಡ್ರಿ," ಎಂದೆ ನಾನು.