ಕಲ್ಯಾಣದುರ್ಗದಿಂದ ಬರುವ ಕೋಲು

ಕೋಲಾಟದಲ್ಲಿ ನನ್ನ ಜೋಡಿಯಾಗಿದ್ದವಳು ಗಂಡ ಗೊಬ್ಬರದ ಅಂಗಡಿ ಇಟ್ಟನೆಂದು ಕಲ್ಯಾಣದುರ್ಗಕ್ಕೆ ಹೋದಳು. ನಾನು ಹಿಂದೂಪುರದಲ್ಲೇ ಉಳಿದೆ. ಲಂಗ ಉಡುವ ವಯಸ್ಸಿನಿಂದ ಎದುರುಬದುರು ನಿಂತು ಆಡಿದವರು ನಾವು. ಅವಳ ಕೋಲು ಎಲ್ಲಿಗೆ ಬರುತ್ತದೆಂದು ನನ್ನ ಕೈಗೆ ಗೊತ್ತಿತ್ತು, ತಲೆಗೆ ಆ ಕೆಲಸವಿರಲಿಲ್ಲ. ತಂಡದ ಮೇಷ್ಟ್ರು ನನಗೆ ಬೇರೆ ಜೋಡಿ ಹುಡುಕುವ ಮಾತೆತ್ತಿದಾಗ ರೇಗಿಹೋಯಿತು. ಹೊಸ ಆಟವನ್ನು ಫೋನಿನಲ್ಲೇ ಕಟ್ಟುತ್ತೇವೆ, ಊರಿನ ಹೊಸ ಕಲ್ಯಾಣ ಮಂಟಪದ ಉದ್ಘಾಟನೆಗೆ ಅವಳೇ ಬಂದು ಆಡುತ್ತಾಳೆ ಎಂದುಬಿಟ್ಟೆ.

"ಸರಿ ಕಣಮ್ಮ, ಒಂದು ಛಾನ್ಸು. ಅವತ್ತು ಕೋಲು ಕೂಡ್ಲಿಲ್ಲ ಅಂದ್ರೆ ಜೋಡಿ ಬದಲಾಯ್ಸಿಬುಡ್ತೀನಿ. ತರ್ವಾತ ನನ್ನ ಬೈಬ್ಯಾಡ" ಎಂದರು ಮೇಷ್ಟ್ರು.

ಸಂಜೆ ಅಡುಗೆಗೆ ಮುಂಚೆ ವಿಡಿಯೋ ಕಾಲ್. ನಾನು ಫೋನನ್ನು ಹೊಲಿಗೆ ಮಿಷನ್ನಿಗೆ ಒರಗಿಸುತ್ತಿದ್ದೆ, ಅವಳು ಗೊಬ್ಬರದ ಮೂಟೆಗೆ. ಅವಳ ಕೋಲಿನ ಬದಲು ನಾನು ಬಾಗಿಲ ಚೌಕಟ್ಟಿಗೆ ಹೊಡೆದರೆ ಅವಳು ಗೋದಾಮಿನ ಕಂಬಕ್ಕೆ ಹೊಡೆಯುತ್ತಿದ್ದಳು. ಚೌಕಟ್ಟು ಕೆತ್ತಿಹೋದದ್ದನ್ನು ಕಂಡು ನನ್ನ ಗಂಡ ಗೆದ್ದಲು ಹಿಡಿದಿದೆಯೆಂದು ಔಷಧಿ ತಂದು ಬಳಿದರು. ನಾನು ತಡೆಯಲಿಲ್ಲ.

ನಮ್ಮ ತಂಡದಲ್ಲಿ ಕೋಲು ನೋಡಿಕೊಂಡು ಆಡುವ ಹಾಗಿಲ್ಲ, ಜೋಡಿಯ ಕಣ್ಣು ನೋಡಿ ಆಡಬೇಕು. ಫೋನಿನಲ್ಲೂ ಹಾಗೇ ಆಡಿದೆವು. ಆದರೆ ಅವಳ ಏಟು ನನಗೆ ಸ್ವಲ್ಪ ತಡವಾಗಿ ಕಾಣುತ್ತಿತ್ತು. ಪಾಪ, ಅಭ್ಯಾಸ ತಪ್ಪಿದೆ ಎಂದುಕೊಂಡು, ನಾನೇ ಕೈ ತಡೆದು, ಅವಳಿಗಾಗಿ ಕಾದು ಹೊಡೆಯತೊಡಗಿದೆ. ನೊಂದುಕೊಂಡಾಳು ಎಂದು ಹೇಳಲಿಲ್ಲ. ನನ್ನ ತಾಳ್ಮೆಯ ಬಗ್ಗೆ ನನಗೇ ಹೆಮ್ಮೆಯಾಯಿತು.

ಉದ್ಘಾಟನೆಯ ಬೆಳಿಗ್ಗೆ ಅವಳು ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದಳು. ಜನ ಬರುವ ಮುಂಚೆ ಒಮ್ಮೆ ಆಡಿಸಿ ನೋಡಲು ಮಂಟಪದಲ್ಲಿ ಮೇಷ್ಟ್ರು ಡೋಲು ಹಿಡಿದು ಕೂತರು. ಇಬ್ಬರೂ ಕೋಲೆತ್ತಿ ನಿಂತೆವು. ಡೋಲಿಗೆ ಏಟು ಬಿತ್ತು. ಕೋಲಿಗೆ ಬೀಳಲಿಲ್ಲ.

"ಹೊಡಿಯೇ" ಎಂದೆ.

"ನೀನು ಹೊಡಿ, ನಾನು ಬತ್ತೀನಿ. ದಿನಾ ನೀನೇ ಹಿಂದೆ ಬೀಳ್ತಿದ್ದೆ, ನಾನು ಕಾಯ್ತಿದ್ದೆ. ಬ್ಯಾಸರ ಮಾಡ್ಕೋತೀಯ ಅಂತ ಹೇಳ್ಲಿಲ್ಲ ಕಣೇ."

ತಡ ಮಾಡುತ್ತಿದ್ದದ್ದು ಫೋನು, ನಾವಿಬ್ಬರೂ ಅಲ್ಲ. ಮತ್ತೆ ಮತ್ತೆ ಶುರು ಮಾಡಿದೆವು. ಕಣ್ಣಿಗೆ ಕಣ್ಣು ಸೇರಿದೊಡನೆ ಇಬ್ಬರ ಕೈಯೂ ನಿಂತುಬಿಡುತ್ತಿತ್ತು. ಮೇಷ್ಟ್ರು ಡೋಲು ಕೆಳಗಿಟ್ಟು, ತಂಡಕ್ಕೆ ಹೊಸದಾಗಿ ಸೇರಿದ್ದ ಪರಿಗಿ ಊರಿನ ಹೆಂಗಸಿನ ಕಡೆ ನೋಡಿದರು. ಆಕೆ ಆಗಲೇ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ನನ್ನವಳು ತಲೆ ತಗ್ಗಿಸಿ ಕೋಲುಗಳನ್ನು ಬ್ಯಾಗಿಗೆ ಹಾಕತೊಡಗಿದಳು. ನಾನು ಆ ಬ್ಯಾಗು ಹಿಡಿದುಕೊಂಡೆ.

"ನನ್ ಮುಖ ನೋಡ್ಬ್ಯಾಡ ಕಣೇ" ಎಂದೆ. "ಮೇಷ್ಟ್ರ ಕೈ ನೋಡು. ನಾನೂ ಅದನ್ನೇ ನೋಡ್ತೀನಿ."

ಕೋಲು ಕೂಡಿತು. ಮಧ್ಯಾಹ್ನ ತುಂಬಿದ ಮಂಟಪದಲ್ಲಿ ಒಂದು ಏಟೂ ತಪ್ಪಲಿಲ್ಲ. "ಬಾಗುಂದಮ್ಮಾ, ಚೆನ್ನಾಗೈತೆ. ಜೋಡಿ ಇದೇ ಇರ್ಲಿ" ಎಂದರು ಮೇಷ್ಟ್ರು. ಆ ಆಟದಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಅವರ ಕೈ, ಹೆಬ್ಬೆರಳಿಗೆ ಸುತ್ತಿದ್ದ ಬ್ಯಾಂಡೇಜು ಸಮೇತ. ಅಷ್ಟು ದಿನ ಫೋನಿನಲ್ಲಿ ಕಣ್ಣು ಕೀಲಿಸಿ ನೋಡಿದವಳು ಕೈಗೆಟುಕುವಷ್ಟು ಹತ್ತಿರ ನಿಂತಿದ್ದಳು, ನಾನು ಒಮ್ಮೆಯೂ ಅವಳನ್ನು ನೋಡಲಿಲ್ಲ. ಅದರಿಂದ ನನಗೆ ಬಹಳ ಸಂಕಟವಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡೆ. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಫೋನಿನಲ್ಲಿ ಅದು ಕಂಡೇ ಇರಲಿಲ್ಲ.

"ಏನೇ, ಅಂಗ್ ನೋಡ್ತೀಯ?"

"ಸುಮ್ಕೆ ಕೂತ್ಕೊ."

ಪೆನುಕೊಂಡದ ಬಸ್ಸು ಹೊರಡುವ ಹೊತ್ತಾಗಿತ್ತು, ಡ್ರೈವರ್ ಇನ್ನೂ ಟೀ ಕುಡಿಯುತ್ತಿದ್ದ. ಜನ ಅವನನ್ನು ಬೈಯುತ್ತಿದ್ದರು. ನಾನು ಹೋಗಿ ಅವನಿಗೆ ಇನ್ನೊಂದು ಟೀ ಹೇಳಿ ಬಂದೆ.